ಎರಡನ್ನು ನೇತುಹಾಕಿದವಳು

ಹನ್ನೊಂದು ಮೆಟ್ಟಿಲಿನ ಏಣಿ,
ಮೇಲೆ ತಗಡಿನ ಮಾಡು, ಅದರಡಿ ನಾನು, ಅಂಕಿಗಳು,
ಅಟ್ಲಾಂಟಿಕ್ಕಿನ ಉಪ್ಪು ಗಾಳಿ.
ಬಂದರಿನ ಕಡೆಯ ಗೋಲಿನ ಹಿಂದೆ
ಹತ್ತೊಂಬತ್ತು ವರ್ಷದಿಂದ ನನ್ನದು ಇದೇ ಕೆಲಸ:
ಯಾರೋ ಒದ್ದದ್ದನ್ನು ಮೊಳೆಗೆ ತೂಗುಹಾಕುವುದು.

ವಾರದ ಆರು ದಿನ ಡಬ್ಬಿ ಕಾರ್ಖಾನೆಯಲ್ಲಿ
ಬೂತಾಯಿಯ ತಲೆ ತೆಗೆಯುವ ಬೆರಳುಗಳಿವು.
ಏಳನೆಯ ದಿನ ಸೊನ್ನೆ ಹಿಡಿಯುತ್ತವೆ.

ಸೊನ್ನೆ ನೋಡಿ, ಅಂಚು ಸವೆದು
ಹಲ್ಲುಬಿದ್ದ ಅಜ್ಜಿಯ ಬಾಯಿ.
ಒಂದೂ ಹಾಗೇ, ಬಣ್ಣ ಸುಲಿದು ಮರ ಕಾಣುತ್ತದೆ.
ನಾಲ್ಕು ಮಾತ್ರ, ನೆಂಟರಿಗೆಂದು ಎತ್ತಿಟ್ಟ ತಟ್ಟೆಯ ಹಾಗೆ,
ಮಿರಮಿರ. ಈ ವರ್ಷ ಅದನ್ನು ಮುಟ್ಟಿದ್ದು ಕಣಜ ಒಂದೇ.
ಹಿಂದೆ ಗೂಡು ಕಟ್ಟಿತು, ಮರಿ ಮಾಡಿತು, ಹೋಯಿತು.

ಸೆಪ್ಟೆಂಬರಿನಲ್ಲಿ ನಾವೂ ಜನವೇ.
ಮೊದಲ ಮೂರು ಆಟ, ಏಳು ಅಂಕ.
ಮಂಜುಗಡ್ಡೆ ಕಾರ್ಖಾನೆಯ ಯಜಮಾನ, ಕ್ಲಬ್ಬಿನ ಅಧ್ಯಕ್ಷ,
ಎಲ್ಲರಿಗೂ ವೈನು ಕೊಡಿಸಿ ಮೇಜು ಕುಟ್ಟಿದ.
ನವೆಂಬರಿನಲ್ಲಿ ಅದೇ ಕೈ
ಕೋಚ್ ಆರ್ಲಿಂಡುವಿಗೆ ಬಾಗಿಲು ತೋರಿಸಿತು.
ಎರಡನೆಯವನು ಮಾತಿನ ಮಲ್ಲ,
ಫೆಬ್ರವರಿಯ ತನಕ ಇದ್ದ.
ಮೂರನೆಯವನ ಹೆಸರು ಬಾಯಿಗೆ ಹತ್ತುವಷ್ಟರಲ್ಲಿ
ಮೇ ತಿಂಗಳು.

ಎವರಿಷ್ಟು ಎಂಬ ಹುಡುಗ, ಇಪ್ಪತ್ತು ತುಂಬಿಲ್ಲ,
ಕ್ರಿಸ್‌ಮಸ್ಸಿನ ಹಿಂದಿನ ಭಾನುವಾರ
ಪೆನಾಲ್ಟಿಯನ್ನು ಸೀದಾ ನನ್ನ ಏಣಿಗೆ ಹೊಡೆದ.
ಮೂರನೆಯ ಮೆಟ್ಟಿಲು ಇನ್ನೂ ಅಲ್ಲಾಡುತ್ತದೆ,
ಹತ್ತುವಾಗಲೆಲ್ಲ ಅವನ ನೆನಪು ಕಾಲಿಗೆ ಬರುತ್ತದೆ.
ಅವನಮ್ಮನ ಅಂಗಡಿಯಲ್ಲಿ ಊರು ಬ್ರೆಡ್ಡು ಕೊಳ್ಳುವುದು ಬಿಟ್ಟಿತು,
ಎಂಟು ದಿನ.
ಒಂಬತ್ತನೆಯ ದಿನ ಹಸಿವಾಯಿತು.

ಕೊನೆಯ ಆಟ. ಡ್ರಾ ಸಾಕಿತ್ತು.
ಅವರದೊಂದು, ನಮ್ಮದೊಂದು,
ಗಾಳಿಗೆ ಎರಡೂ ಟಕಟಕ ಬಡಿದುಕೊಳ್ಳುತ್ತಿದ್ದವು.
ಬಲೆ ಹೆಣೆಯುವ ಸಿಪ್ರಿಯಾನು ಕಿವಿಗೆ ರೇಡಿಯೊ ಒತ್ತಿ
ಬೇರೆ ಊರಿನ ಬೇರೆ ಆಟದ ಸುದ್ದಿಯನ್ನು
ಬೆರಳೆತ್ತಿ ತೋರಿಸುತ್ತಿದ್ದ.
ಎಂಬತ್ತಾರನೆಯ ನಿಮಿಷ. ಕಾರ್ನರ್.
ಚೆಂಡು ಯಾರ ತಲೆಗೂ ಸಿಗದೆ ಇಳಿದು
ನಮ್ಮ ನಾಯಕ ಬಾಲ್ಟಜಾರನ ಮಂಡಿಗೆ ತಾಗಿ
ನಮ್ಮದೇ ಬಲೆಯೊಳಗೆ ಹೋಗಿ ಮಲಗಿತು,
ಮನೆ ಮರೆಯದ ಬೆಕ್ಕು.

ಯಾರೂ ಕೂಗಲಿಲ್ಲ.
ಎರಡು ಸಾವಿರ ಮುಖ ಮೈದಾನ ಬಿಟ್ಟು
ನನ್ನ ಕಡೆ ತಿರುಗಿದವು.
ಕೈಯಲ್ಲಿ ಎರಡು. ಮೊಳೆ ಗೇಣು ದೂರ.
ಹಾಕದಿದ್ದರೆ?
ಹಾಕುವ ತನಕ ಆಗಿಲ್ಲ ಎಂದು ನಂಬಲು
ಅವರೂ ಸಿದ್ಧ, ನಾನೂ ಸಿದ್ಧ.
ಒಂದು ನಿಮಿಷವೋ, ನಾಲ್ಕೋ,
ಎರಡನ್ನು ಎದೆಗವಚಿ ನಿಂತೆ.
ಕೆಳಗಿನಿಂದ ಒಬ್ಬ ಪುಟ್ಟ ಹುಡುಗಿ,
ನಮ್ಮದೇ ಹಸಿರು ಶಾಲು ಹೊದ್ದವಳು:
“ಅತ್ತೆ, ಲೆಕ್ಕ ತಪ್ಪಿದೆ.”

ಹಾಕಿದೆ.

ಆಮೇಲೆ ಅಳುವವರು ಅತ್ತರು,
ಅಧ್ಯಕ್ಷ ಹಿಂಬಾಗಿಲಿನಿಂದ ಹೋದ.
ಬಾಲ್ಟಜಾರ್ ಮಂಡಿಯನ್ನೇ ನೋಡುತ್ತ ಕೂತಿದ್ದ,
ಯಾರೋ ಅಡವಿಟ್ಟು ಹೋದದ್ದೆಂಬಂತೆ.
ಸಿಪ್ರಿಯಾನು ರೇಡಿಯೊ ಆರಿಸಿ ಅಂದ: ಇಳಿತ.
ಕಡಲಿನ ಮಾತೋ, ನಮ್ಮದೋ.
ಅತ್ತ ಬಂದರಿನಲ್ಲಿ ನೀರು ಸರಿದು
ದೋಣಿಗಳು ಕೆಸರಿನ ಮೇಲೆ ಪಕ್ಕಕ್ಕೆ ಒರಗಿದ್ದವು.
ಅವಕ್ಕಿದು ದಿನಕ್ಕೆರಡು ಸಲ.
ಅವು ಇದಕ್ಕಾಗಿ ಯಾವತ್ತೂ ಕೋಚನ್ನು ಬದಲಿಸಿಲ್ಲ.

ಈಗ ಅಂಕಿಗಳು ನನ್ನ ಅಡುಗೆಮನೆಯಲ್ಲಿ, ಗೋಡೆಗೊರಗಿ ಸಾಲಾಗಿ.
ಸೊನ್ನೆಗೆ ಎರಡು ಕೋಟು ಬಣ್ಣ ಬಳಿದೆ.
ನಾಲ್ಕಕ್ಕೂ ಒಂದು ಬಳಿದೆ, ಬೇಕಿರಲಿಲ್ಲ.
ಮುಂದಿನ ವರ್ಷದ ಪಟ್ಟಿ ಬಂದಿದೆ:
ಕೆಳದರ್ಜೆಯ ಊರುಗಳೆಲ್ಲ ಬೆಟ್ಟದ ಮೇಲಿವೆ.
ಇಳಿದವರು ಹತ್ತಬೇಕು, ಹಳೇ ಬಸ್ಸಿನಲ್ಲಿ,
ತಿರುವು ತಿರುವಿಗೂ ಹೊಟ್ಟೆ ಹಿಡಿದುಕೊಂಡು.
ಅದರಲ್ಲೊಂದು ಊರಿನ ಹೆಸರಿಗೆ ಹದಿನೇಳು ಅಕ್ಷರ,
ನಮ್ಮ ಹಲಗೆಯಲ್ಲಿ ಹನ್ನೆರಡಕ್ಕಷ್ಟೇ ಜಾಗ.
ಬಡಗಿಯನ್ನು ಕರೆಸಿದೆ.
ಹಲಗೆ ಉದ್ದ ಮಾಡಲೋ, ಹೆಸರು ಗಿಡ್ಡ ಮಾಡಿಕೊಳ್ಳುತ್ತೀಯೋ
ಎಂದು ಕೇಳುತ್ತಾನೆ, ಪೆನ್ಸಿಲು ಕಿವಿಗೆ ಸಿಕ್ಕಿಸಿ.
ಅಳತೆ ತಗೋ, ಅಂದೆ.