ಲೆಕ್ಕಕ್ಕೆ ಸಿಗದ ಗಾಳಿ

ಕುಂಚಿಗನಾಳಿನ ಗುಡ್ಡದ ಮೇಲೆ ಗಾಳಿ ಅಳೆಯುವುದು ನನ್ನ ಕೆಲಸ.
ಸೆಕೆಂಡಿಗೆ ಏಳು ಮೀಟರು, ಒಂಬತ್ತು, ಆಷಾಢದಲ್ಲಿ ಹದಿನೆಂಟು;
ಮೂರು ರೆಕ್ಕೆಯ ನೆರಳು ಮೈಮೇಲೆ ಹಾಯುತ್ತಿರುವಾಗ
ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತೇನೆ.
ಅಂಥ ನಾನು
ನನ್ನದೇ ಕಾರಿನ ಮೂಗಿನಲ್ಲಿ ಸೋತೆ.

ಹಳೇ ಆಕ್ಟೇವಿಯಾ, ಮೂರನೇ ಮಾಲೀಕ ನಾನು.
ಕಪ್ಪು ಪೆಟ್ಟಿಗೆಯೊಳಗೆ ಮಡಿಕೆ ಮಡಿಕೆಯಾಗಿ ಕೂತಿದ್ದ
ಕಾಗದದ ಫಿಲ್ಟರು ಕಿತ್ತೆಸೆದು
ಕೆಂಪು ಶಂಕುವೊಂದನ್ನು ತೊಡಿಸಿದೆ,
ಉದ್ದ ಅಲ್ಯೂಮಿನಿಯಂ ಕೊಳವೆ, ಎರಡು ಕ್ಲಾಂಪು. ಭಾನುವಾರ ಪೂರ್ತಿ.
ಮೊದಲ ಸಲ ಒತ್ತಿದಾಗ ಎಂಥ ದನಿ!
ಚಳ್ಳಕೆರೆ ಗೇಟಿನಲ್ಲಿ ಆಟೊದವರು ತಿರುಗಿ ನೋಡಿದರು.
ಎಷ್ಟಾಯ್ತು, ಎಂದಳು ವನಜಾಕ್ಷಿ.
ಎರಡು ಸಾವಿರ, ಎಂದೆ.

ಸೋಮವಾರದಿಂದ ಶುರು.
ಸುಮ್ಮನೆ ನಿಂತ ಗಾಡಿ
ಆರುನೂರಕ್ಕಿಳಿದು, ಸಾವಿರದೈನೂರಕ್ಕೇರಿ,
ಮತ್ತೆ ಇಳಿದು, ಇನ್ನೇನು ಆರಿತು ಅನ್ನುವಾಗ ಬೆಚ್ಚಿ ಏರಿ,
ನಿದ್ದೆಯಲ್ಲಿ ಮೆಟ್ಟಿಲು ತಪ್ಪಿದವರ ಹಾಗೆ.
ನಾನು ಕಾಲಿಟ್ಟಿಲ್ಲ. ಪೆಡಲ್ಲು ತನ್ನಷ್ಟಕ್ಕಿದೆ.
ಮುಳ್ಳು ಮಾತ್ರ ಉಯ್ಯಾಲೆ.

ಬ್ಯಾಟರಿ ವೈರು ಬಿಚ್ಚಿ ಅರ್ಧ ಗಂಟೆ ಬಿಟ್ಟೆ.
ಪ್ಲಗ್ಗು ಬದಲಿಸಿದೆ.
ಥ್ರಾಟಲ್ಲಿನ ಬಾಯಿ ಒರೆಸಿದೆ, ಹಳೇ ಬನಿಯನ್ನಿನಲ್ಲಿ.
ಪೆಟ್ರೋಲು ಬದಲಿಸಿದೆ, ಬಂಕನ್ನೇ ಬದಲಿಸಿದೆ.
ಏದುಸಿರು ಬಿಡಲಿಲ್ಲ.

ಕೊನೆಗೆ ಹೊಳಲ್ಕೆರೆ ರಸ್ತೆ, ಚಮನ್‌ಸಾಬರ ಶೆಡ್ಡು.
ಬಾನೆಟ್ಟು ಎತ್ತಿದರು. ಕೆಂಪು ಶಂಕು ನೋಡಿದರು.
ಆಮೇಲೆ ಬಹಳ ಹೊತ್ತು ನನ್ನನ್ನೇ ನೋಡಿದರು.
"ಗಾಡಿಗೇನೂ ಆಗಿಲ್ಲ ಸಾರ್.
ಅದರ ಮೂಗು ಕುಯ್ದು ಬೇರೆ ಮೂಗು ಹಚ್ಚಿದೀರ.
ಇಲ್ಲೊಂದು ಕೂದಲಿನಂಥ ತಂತಿ ಐತೆ, ಯಾವಾಗಲೂ ಬಿಸಿ.
ಗಾಳಿ ಹೋದಷ್ಟೂ ತಣ್ಣಗಾಗತ್ತೆ,
ತಣ್ಣಗಾದಷ್ಟಕ್ಕೆ ಪೆಟ್ರೋಲು ಬೀಳತ್ತೆ.
ನೀವು ಫಿಲ್ಟರಿಗೆ ಸುರಿದ ಎಣ್ಣೆ ಕುಡಿದು ಮಂಕು ಬಡಿದೈತೆ ಅದಕ್ಕೆ."

ಗುಡ್ಡದ ಮೇಲೆ ಬಟ್ಟಲು ತಿರುಗಿಸಿ ನಾನು ಕೇಳುವುದನ್ನೇ
ಇಲ್ಲೊಂದು ಕೂದಲು ಕೇಳುತ್ತಿತ್ತು. ನನಗೆ ಗೊತ್ತೇ ಇರಲಿಲ್ಲ.

ತೊಳೆದರು, ಒಣಗಿಸಿದರು, ಕೀಲಿ ತಿರುಗಿಸಿದರು.
ಸ್ವಲ್ಪ ವಾಸಿ. ಆದರೂ ತೂಗಾಟ.

ಆಗ ಅವರ ತಂಗಿಯ ಮಗಳು ತಾಹೇರಾ
ಪಕ್ಕದ ಚಹದಂಗಡಿಯಿಂದ ಒಂದು ಊದುಕಡ್ಡಿ ತಂದಳು.
ಶಟರು ಎಳೆದರು: ಈ ಊರಿನ ಗಾಳಿಗೆ
ಹೊಗೆ ನೆಟ್ಟಗೆ ನಿಲ್ಲುವುದಿಲ್ಲ.
ಕತ್ತಲೆ, ಇಂಜಿನ್ನಿನ ಏರಿಳಿತ, ಒಂದು ಕೆಂಪು ಚುಕ್ಕೆ.
ಕೊಳವೆಯುದ್ದಕ್ಕೂ ನಿಧಾನ ಸರಿಸಿದಳು.
ಹೊಗೆ ಮೇಲಕ್ಕೆ, ಮೇಲಕ್ಕೆ, ಮೇಲಕ್ಕೆ,
ಎರಡನೇ ಕ್ಲಾಂಪಿನ ಹತ್ತಿರ
ಯಾರೋ ಕರೆದಂತೆ ಕತ್ತು ಕೊಂಕಿಸಿ
ಒಳಗೆ ಹೋಯಿತು.

"ತಂತಿ ದಾಟಿದ ಮೇಲೆ ಕದ್ದು ಬರೋ ಗಾಳಿ," ಎಂದಳು.
"ಯಾರ ಪುಸ್ತಕಕ್ಕೂ ಬರಲ್ಲ ಅದು.
ಕುಡಿಯೋದು ಇಂಜಿನ್ನು, ಬರಿಯೋನಿಗೆ ಗೊತ್ತಿಲ್ಲ,
ಕಮ್ಮಿ ಬಡಿಸ್ತಾನೆ.
ಇದು ಸಾಯೋ ಹಂಗಾದಾಗ ಹೆದರಿ ಜಾಸ್ತಿ ಸುರೀತಾನೆ."

ಕ್ಲಾಂಪು ನಾನೇ ಕೂರಿಸಿದ್ದು. ಒಂದು ಸೈಜು ದೊಡ್ಡದು.
ಹೊಸದಕ್ಕೆ ನಲವತ್ತು ರೂಪಾಯಿ.
ಮುಳ್ಳು ಎಂಟುನೂರರ ಮೇಲೆ ಕೂತಿತು. ಏಳಲಿಲ್ಲ.

ಸಂಜೆ ವನಜಾಕ್ಷಿ ಪಕ್ಕದ ಸೀಟಿನಲ್ಲಿ.
ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕ ಎಲ್ಲ
ಕ್ಯಾಲೆಂಡರಿನ ಚೌಕದಲ್ಲೇ ಬರೆಯುವವಳು.
ಟಿಶ್ಯೂ ಹುಡುಕುತ್ತಾ ಡ್ಯಾಶ್‌ಬೋರ್ಡಿನ ಗೂಡು ತೆರೆದಳು,
ನಾಲ್ಕಾಗಿ ಮಡಚಿದ ಚೀಟಿ ಬಿಡಿಸಿದಳು:
ಹನ್ನೊಂದು ಸಾವಿರದ ನಾನೂರು.
ಮಡಚಿದ ಗುರುತಿನಲ್ಲೇ ಮತ್ತೆ ಮಡಚಿ ಒಳಗಿಟ್ಟಳು.

ಚಳ್ಳಕೆರೆ ಗೇಟು. ಕೆಂಪು ದೀಪ.
ಗಾಡಿ ನಿಂತದ್ದೇ ಗೊತ್ತಾಗದ ಹಾಗೆ ನಿಂತಿತು.
ದೂರದ ಗುಡ್ಡದಲ್ಲಿ ರೆಕ್ಕೆಗಳು, ನಾಳೆ ನಾನು ಬರೆಯಬೇಕಾದ ಗಾಳಿ.

"ಸದ್ದು ನಿಂತಿತಲ್ಲ," ಎಂದಳು. "ಈಗ ಹೇಳು."