ತೇಲಬೇಕಾದದ್ದು

ಮೊದಲು ಗೊತ್ತಾದದ್ದು ಮೂಗಿಗೆ.
ಬಾನೆಟ್ ಎತ್ತುವ ಮುಂಚೆಯೇ, ಗಂಗಾವತಿಯ ಕಂಪ್ಲಿ ರಸ್ತೆಯಲ್ಲಿ,
ಮಿಲ್ಲಿನ ಬೆಂದ ಭತ್ತದ ಹಬೆಯನ್ನು ಸೀಳಿಕೊಂಡು
ಹಸಿ ಪೆಟ್ರೋಲಿನ ವಾಸನೆ.

ಎಂಬತ್ತಾರರ ಪದ್ಮಿನಿ. ನನ್ನ ಡ್ರೈವಿಂಗ್ ಸ್ಕೂಲಿಗೆ ಇರುವುದೊಂದೇ ಕಾರು.
ಸ್ಟೇರಿಂಗಿನ ಹಿಂದೆ ನೀಲಮ್ಮ ಟೀಚರ್, ಬೆವರಿ:
‘ನಾ ಏನೂ ಮಾಡಿಲ್ರಿ ಮೇಡಂ, ಬರೇ ಕೀಲಿ ತಿರುವೀನಿ.’
ತಿರುವಿದಷ್ಟೂ ಅದು ಕೆಮ್ಮಿತು,
ಕರಿ ಹೊಗೆ ಉಗುಳಿತು,
ಸುಮ್ಮನಾಯಿತು.

ತಿಂಗಳಿಂದ ಇದೇ ಗೋಳು.
ಪಂಪು ಹೊಸದು, ನಾಲ್ಕೂ ಪ್ಲಗ್ಗು ಹೊಸವು.
ನೋಡಿದವರೆಲ್ಲ ಹೇಳಿದ್ದು ಪೆಟ್ರೋಲ್ ಮುಟ್ಟುತ್ತಿಲ್ಲ ಅಂತ.
ನಾನೂ ಚೋಕ್ ಎಳೆದೆಳೆದು ಕುಡಿಸಿದೆ,
ಕೂಸು ಅತ್ತಾಗಲೆಲ್ಲ ಹಸಿವೆಂದೇ ತಿಳಿಯುವವಳ ಹಾಗೆ.

ಅಂಬಣ್ಣ ಪ್ಲಗ್ ಬಿಚ್ಚಿ ನನ್ನ ಅಂಗೈ ಮೇಲಿಟ್ಟ.
ಮಸಿ. ಮಸಿಯ ಮೇಲೆ ತೇವ.
‘ಹಸಿವಲ್ರಿ ಇದಕ. ಉಂಡದ್ದು ಕರಗವಲ್ದು.’

ಚೋಕಿನ ತಂತಿ ನೋಡಿದ; ಅದಲ್ಲ.
ಏರ್ ಫಿಲ್ಟರ್ ನೆಲಕ್ಕೆ ಬಡಿದ; ಬೊಗಸೆ ತುಂಬ ಹೊಟ್ಟಿನ ಧೂಳು.
‘ಇದೂ ಐತಿ. ಇದಷ್ಟ ಅಲ್ಲ.’
ಸೂಜಿ ತೆಗೆದು ಊದಿ ನೋಡಿದ, ಸರಿಯಾಗೇ ಕೂರುತ್ತಿತ್ತು.
ಕಡೆಗೆ ಕಾರ್ಬ್ಯುರೇಟರಿನ ಹೊಟ್ಟೆಯೊಳಗಿಂದ
ಹಿತ್ತಾಳೆಯ ಸಣ್ಣ ಬುರುಡೆಯೊಂದನ್ನು ಎತ್ತಿ
ಕಿವಿಯ ಹತ್ತಿರ ಅಲುಗಿಸಿದ,
ಸಂತೆಯಲ್ಲಿ ತೆಂಗಿನಕಾಯಿ ಆರಿಸಿದಂತೆ.
ಗುಳು ಗುಳು.
‘ಕೇಳ್ರಿ,’ ಎಂದು ನನ್ನ ಕಿವಿಗೂ ಹಿಡಿದ.

ತೇಲಿ ಬಾಗಿಲು ಹಾಕಬೇಕಾದದ್ದು
ತಾನೇ ಕುಡಿದು ಮುಳುಗಿತ್ತು.

ತೂತು ಕಣ್ಣಿಗೆ ಕಾಣದು.
ಹುಡುಗ ಚಾಂದ್ ಓಡಿ ಎದುರಿನ ಹೋಟೆಲಿನಿಂದ
ಚಹಾ ಗ್ಲಾಸಿನಲ್ಲಿ ಬಿಸಿನೀರು ತಂದ.
ಬುರುಡೆಯನ್ನು ಅದ್ದಿ, ಬೀಡಿ ಹಚ್ಚದೆ ಕಿವಿಗೇ ಸಿಕ್ಕಿಸಿಕೊಂಡು,
ಅಂಬಣ್ಣ ಕಾದ.
ಸಾಸಿವೆಗಿಂತ ಸಣ್ಣ ಗುಳ್ಳೆಗಳು, ಒಂದರ ಹಿಂದೊಂದು,
ಬೆಸುಗೆಯ ಅಂಚಿನಿಂದ.

‘ನಮ್ಮಪ್ಪ ಆನೆಗುಂದ್ಯಾಗ ಹರಗೋಲು ಹಾಕ್ತಿದ್ದ.
ಸೋರಾಕ ಹತ್ತಿದ್ರ ನೀರಾಗ ಹುಡುಕಬ್ಯಾಡ,
ದಂಡ್ಯಾಗ ಬೋರಲು ಹಾಕಿ ಒಳಗ ಹೊಕ್ಕು ನೋಡು,
ಬೆಳಕು ಬಂದಲ್ಲೇ ನೀರು ಬರ್ತೈತಿ ಅಂತಿದ್ದ.
ಇದರೊಳಗ ನಾ ಹೊಗಾಕ ಆಗಲ್ಲಲ್ರಿ.’

ಒಳಗಿನದನ್ನು ಬಸಿದ, ಬಿಸಿಲಿಗೆ ಒಂದು ತಾಸು ಇಟ್ಟ,
ಸೀಸ ಹಾಕಿದ.
ಹಾಕಿದ್ದನ್ನೇ ಅರ ಹಿಡಿದು ಕೆರೆದ, ಮತ್ತೂ ಕೆರೆದ.
ಸಾಕಲ್ಲ, ಎಂದೆ.
‘ರಿಪೇರಿ ಭಾರ ಆದ್ರೂ ಮುಳಗತೈತ್ರಿ.’

ನಾಲ್ಕು ಗಂಟೆಗೆ ಮೊದಲ ಕೀಲಿಗೇ ಹತ್ತಿತು.
ನೀಲಮ್ಮ ಟೀಚರ್ ಕ್ಲಚ್ಚನ್ನು ಥಟ್ಟನೆ ಬಿಟ್ಟು ಅದನ್ನು ಮತ್ತೆ ನಿಲ್ಲಿಸಿದರು.
ಅದು ಬೇರೆ ರೋಗ.

ಹೋಟೆಲಿನವನು ಆ ಗ್ಲಾಸು ವಾಪಸು ಮುಟ್ಟಲಿಲ್ಲ.
ಹದಿನೈದು ರೂಪಾಯಿ ಕೊಟ್ಟು ಇಟ್ಟುಕೊಂಡೆ.
ಈಗ ಡ್ಯಾಶ್‌ಬೋರ್ಡಿನ ಮೇಲಿದೆ, ಮುಕ್ಕಾಲು ನೀರು ತುಂಬಿ;
ಚೆಲ್ಲದ ಹಾಗೆ ಕ್ಲಚ್ ಬಿಡಿ, ಎನ್ನುತ್ತೇನೆ ಹೊಸಬರಿಗೆ.
ಟೀಚರ ಸೀರೆ
ದಿನಾ ಒದ್ದೆ.