ತುಂಬು

ಬ್ಯಾಡಗಿ ಮಾರುಕಟ್ಟೆಯ ಕಚೇರಿ, ರಾತ್ರಿ ಹತ್ತೂವರೆ.
ನಾಳೆ ಸೋಮವಾರ, ಟೆಂಡರಿನ ದಿನ.
ಅಂಗಳದ ತುಂಬ ಚೀಲಗಳು ಆಗಲೇ ಬಂದು ಕೂತಿವೆ
ಲಾಟು ನಂಬರಿಗೆ ಕಾದು.

ಸರ್ವರಿನ ಫ್ಯಾನು ಉಸಿರೆಳೆದಾಗಲೆಲ್ಲ
ಮೆಣಸಿನಕಾಯಿಯ ಘಾಟು ಒಳಗೆ ಬರುತ್ತದೆ.
ಮುಚ್ಚಳ ಬಿಚ್ಚಿದರೆ ತಗಡಿನ ಮೇಲೆ ಕೆಂಪು ಹುಡಿ.
ನಾನು ಸೀನುತ್ತೇನೆ, ಕಾವಲಿನ ಹಜರೇಸಾಬ ಸೀನುತ್ತಾನೆ,
ಯಂತ್ರ ಸೀನುವುದಿಲ್ಲ,
ಬಿಸಿಯಾಗುತ್ತದೆ.

ಒಂಬತ್ತು ವರ್ಷದ ದರ, ತೂಕ, ದಲಾಲಿ ಲೆಕ್ಕ
ಹಳೆಯ ಡೇಟಾಬೇಸಿನ ಹೊಟ್ಟೆಯಲ್ಲಿದೆ.
ರೈತರ ಹೆಸರಿದ್ದಲ್ಲಿ ಮಾತ್ರ ಬರೀ ಪ್ರಶ್ನೆ ಚಿಹ್ನೆ:
ಅದಕ್ಕೆ ಕನ್ನಡ ಕಲಿಸಿರಲಿಲ್ಲ ಯಾರೂ.
ಇನ್ನು ಅದಕ್ಕೆ ದಿಕ್ಕಿಲ್ಲ, ಹೊಸದು ಹಾಕಿ ಎಂದು ಕಾಗದ ಬಂದಿದೆ.
ಮೊದಲು ಎಲ್ಲದರದೊಂದು ನಕಲು ತೆಗೆದು
ಬೇರೆ ಡಿಸ್ಕಿಗೆ ಹಾಕಿ, ತೆರೆದು ನೋಡಿ,
ಇನ್ನೊಮ್ಮೆ ತೆರೆದು ನೋಡಿ
ಹಾಕಲು ಕೂತೆ.

ಒಲ್ಲೆ, ಎಂದಿತು ಪರದೆ.
ಹೊಸ ಪ್ಯಾಕೇಜು ತಂದ ಕಡತದ ಜಾಗದಲ್ಲಿ
ಹಳೆಯ ಪ್ಯಾಕೇಜಿನ ಕಡತ ಇದೆ.
ಅದೇ ಹೆಸರು, ಅದೇ ದಾರಿ, ಇಬ್ಬರು ಒಡೆಯರು.
ಹಾವೇರಿ ಬಸ್ಸಿನ ಕಿಟಕಿಯಿಂದ ಟವೆಲ್ಲು ಎಸೆದು
ಯಾರೋ ಸೀಟು ಹಿಡಿದಿದ್ದಾರೆ;
ಆಳು ಎಲ್ಲಿದ್ದಾನೋ ಗೊತ್ತಿಲ್ಲ,
ಟವೆಲ್ಲು ಏಳುವುದಿಲ್ಲ.

ಸರಿ, ಹಳೆಯದನ್ನು ತೆಗೆ, ಎಂದೆ.
ತೆಗೆಯುತ್ತೇನೆ, ಎಂದಿತು. ಅದನ್ನು ನಂಬಿಕೊಂಡಿರುವ
ಅಂಚೆಯನ್ನೂ ತೆಗೆಯುತ್ತೇನೆ,
ಪಾವತಿ ಅಚ್ಚು ಹಾಕುವುದನ್ನೂ,
ಫೋನಿಗೆ ದರ ಕಳಿಸುವುದನ್ನೂ,
ಒಟ್ಟು ಮೂವತ್ತೆರಡು. ಹೌದೋ, ಅಲ್ಲವೋ?

ಹೌದು ಎಂದು ಒತ್ತಿದ್ದನಂತೆ ನನಗಿಂತ ಮೊದಲಿದ್ದ ಗುದ್ಲೆಪ್ಪ.
ಆವತ್ತು ಸಂಜೆಯವರೆಗೂ ಚೀಟಿ ಕೈಯಲ್ಲೇ ಬರೆದರಂತೆ.
ಲಾಟು ಇನ್ನೂರ ಹದಿನೇಳರ ಹಣ ಯಾರದೆಂದು
ಇನ್ನೂ ಬಗೆಹರಿದಿಲ್ಲ.

ಹಜರೇಸಾಬ ಚಹಾ ಇಟ್ಟು ಇಣುಕಿದ.
"ಯಾಕ್ರೀ ಅಕ್ಕಾರ, ಜಗಳ ಹತ್ತ್ಯಾವೇನು?"
"ಹೂಂ. ಎರಡೂ ಒಂದ ಜಾಗಾ ಬೇಡತಾವ."
"ಒಂದನ್ನ ಹೊರಗ ಹಾಕ್ರಿ."
"ಹಾಕಿದ್ರ ಮೂವತ್ತೆರಡು ಮಂದಿ ಅದರ ಬೆನ್ನ ಹತ್ತಿ ಹೊಂಟಾರ."
"ಹಂಗಾದ್ರ ಇಬ್ಬರನ್ನೂ ಹೊರಗ ಹಾಕ್ರಿ," ಅಂದು
ಚೀಲಕ್ಕೆ ಬಾಯಿ ಹಾಕಿದ ಆಡು ಬೆನ್ನಟ್ಟಲು ಓಡಿದ.

ಅಲ್ಲ, ಎಂದು ಒತ್ತಿದೆ.
ಚಹಾ ತಣಿಯಿತು. ಕೈಪಿಡಿ ಓದಿದೆ,
ಶಾಲೆಯಲ್ಲಿ ಓದಿದ ಹಾಗೆ, ಬೆರಳಿಟ್ಟು.
ನಡುವೆ ಎಲ್ಲೋ ಒಂದು ಸಾಲು:
ಇದನ್ನು ತೆಗೆಯುವುದು, ಅದನ್ನು ಇಡುವುದು
ಎರಡು ಕೆಲಸವೆಂದು ಹೇಳಬೇಡ ಯಂತ್ರಕ್ಕೆ.
ಒಂದೇ ಆಜ್ಞೆಯಲ್ಲಿ ಹೇಳು.
ನಂಬಿಕೊಂಡವರು ಕಣ್ಣು ಮಿಟುಕಿಸುವಷ್ಟರಲ್ಲಿ
ಕಾಲ ಕೆಳಗೆ ಮತ್ತೆ ನೆಲವಿರಬೇಕು.

ಬರೆಯುವಾಗ ನನ್ನ ಹೆಬ್ಬೆರಳು ಯಾಕೋ ಉರಿಯಿತು.
ಸೂಟಿಯಲ್ಲಿ ಅವ್ವನ ಪಕ್ಕ ಕೂತು
ಕಿಲೋ ಲೆಕ್ಕದಲ್ಲಿ ಕಾಯಿಯ ತುಂಬು ಬಿಡಿಸಿದ ಬೆರಳು.
ತೊಟ್ಟಿಗೆ ನಮ್ಮಲ್ಲಿ ತುಂಬು ಅನ್ನುತ್ತಾರೆ.
"ಜಗ್ಗಬ್ಯಾಡ. ಬೀಜಾ ಚೆಲ್ಲತಾವ. ಒಂಚೂರು ತಿರುವು."
ಬೀಜ ಚೆಲ್ಲಿದರೆ ತೂಕ ಕಮ್ಮಿ,
ತೂಕ ಕಮ್ಮಿಯಾದರೆ ಅವ್ವನ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು.
ಆ ಲೆಕ್ಕ ಯಾವ ಡೇಟಾಬೇಸಿನಲ್ಲೂ ಇಲ್ಲ.

ಎರಡು ಹದಿನಾಲ್ಕಕ್ಕೆ ಒತ್ತಿದೆ.
ತೆಗೆಯುವುದು: ಒಂದು. ಇಡುವುದು: ನಾಲ್ಕು.
ಮೂವತ್ತೆರಡರ ಸುದ್ದಿಯೇ ಇಲ್ಲ.
ಸಾಲುಗಳು ಸರಸರ ಏರಿದವು,
ಒಂದು ಕಡೆ ಎಚ್ಚರಿಕೆಯೊಂದನ್ನು ಹೇಳಿ ದಾಟಿದವು.
ಅದನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ,
ಅರ್ಥವಾದ ಮೇಲೆ ಕೀಳುತ್ತೇನೆ.

ಬೆಳಿಗ್ಗೆ ಮೊದಲ ಪಾವತಿ ಕರಕರ ಹೊರಬಂತು:
ಕೊಟ್ರವ್ವ, ಕಾಕೋಳ, ಹನ್ನೊಂದು ಚೀಲ.
ಟ ಕೆಳಗೆ ರ ಒತ್ತು, ವ ಕೆಳಗೆ ವ ಒತ್ತು.
ಆಕೆ ಓದಲಿಲ್ಲ, ಮಡಚಿ ಕುಪ್ಪಸದೊಳಗಿಟ್ಟು ಹೋದಳು.

ಹಳೆಯ ಪ್ರಶ್ನೆ ಚಿಹ್ನೆಗಳು ಹಾಗೇ ಇವೆ.
ಅವು ಯಾರ ಹೆಸರಾಗಿದ್ದವೋ
ಹೊಸದಕ್ಕೂ ಗೊತ್ತಿಲ್ಲ.